ಹತ್ತರ ತಲೆ ಮೇಲಿನ ಎಂಟು: ಕನ್ನಡ ಪ್ರಶ್ನೆಪತ್ರಿಕೆಗೆ ಲಿಬ್ರೆಆಫೀಸ್ ರೈಟರ್ ಹೇಗಿದೆ?

ಬೆಳಕಿನ ವೇಗ ಎಷ್ಟು? ನನ್ನ ಹತ್ತಿರ ಟೈಪಿಂಗಿಗೆ ಬರುವ ಬಹಳಷ್ಟು ಪ್ರಶ್ನೆಪತ್ರಿಕೆಗಳ ಪ್ರಕಾರ 3 × 108 ಮೀ/ಸೆ. ಗುಣಿಸಿ ನೋಡಿ, 324 ಬರುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 343 ಮೀಟರ್. ಈ ಲೆಕ್ಕದಲ್ಲಿ ಮೊದಲು ಗುಡುಗು ಕೇಳಬೇಕು, ಆಮೇಲೆ ಮಿಂಚು ಕಾಣಬೇಕು.

ಮೇಷ್ಟ್ರು ತಪ್ಪು ಬರೆದಿರುವುದಿಲ್ಲ. ಅವರು ತಮ್ಮ ಕಂಪ್ಯೂಟರಿನಲ್ಲಿ ಎಂಟನ್ನು ಸರಿಯಾಗಿಯೇ ಹತ್ತರ ತಲೆ ಮೇಲೆ ಕೂರಿಸಿರುತ್ತಾರೆ. ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ ಕ್ಷಣ ಎಂಟು ಕೆಳಗಿಳಿಯುತ್ತದೆ. ವಾಟ್ಸಾಪಿನಲ್ಲಿ ದಪ್ಪ ಅಕ್ಷರ ಇದೆ, ಓರೆ ಅಕ್ಷರ ಇದೆ, ಅಡ್ಡಗೆರೆ ಎಳೆಯುವುದೂ ಇದೆ. ಮೇಲಂಕಿ, ಕೆಳಂಕಿ ಮಾತ್ರ ಇಲ್ಲ. ನನ್ನ ಕೈಗೆ ಬರುವಷ್ಟರಲ್ಲಿ ಅದು 108 ಆಗಿರುತ್ತದೆ.

ನಾನು ಮೈಸೂರಿನಲ್ಲಿ ಡಿಟಿಪಿ ಕೆಲಸ ಮಾಡುವವಳು. ಕನ್ನಡ ಮಾಧ್ಯಮದ ಹೈಸ್ಕೂಲ್ ವಿಜ್ಞಾನ, ಗಣಿತದ ಪತ್ರಿಕೆಗಳು, ಪಿಯುಸಿ ನೋಟ್ಸು, ನಡುವೆ ಒಂದಿಷ್ಟು ಲಗ್ನಪತ್ರಿಕೆ, ಸ್ತೋತ್ರದ ಪುಸ್ತಕ. ಈಗ ಎಲ್ಲವನ್ನೂ ಲಿಬ್ರೆಆಫೀಸ್ ರೈಟರ್ ಎಂಬ, ವರ್ಡಿನಂಥ ಉಚಿತ ತಂತ್ರಾಂಶದಲ್ಲೇ ಮಾಡುತ್ತೇನೆ. ಇದು ಆ ತಂತ್ರಾಂಶದ ಪೂರ್ತಿ ವಿಮರ್ಶೆ ಅಲ್ಲ. ಮೇಲಿನ ಅಂಕಿ, ಕೆಳಗಿನ ಅಂಕಿ, ಅದೂ ಕನ್ನಡದ ಪಕ್ಕದಲ್ಲಿ: ಇದಿಷ್ಟೇ ವಿಷಯ. ಇನ್ನೊಂದು ಮಾತು, ರಾಸಾಯನಿಕ ಸಂಕೇತಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಪತ್ರಿಕೆಯಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ನಿಮಗೆ ಗೊತ್ತೇ ಇದೆ.

ಅಂಕಿಯನ್ನು ಮೇಲೆ ಕೂರಿಸಲು ಎರಡು ದಾರಿ. ಒಂದು, ಮಾಮೂಲಿ 8 ಹಾಕಿ, ಅದನ್ನು ಎತ್ತಿ ಸಣ್ಣದು ಮಾಡು ಎಂದು ತಂತ್ರಾಂಶಕ್ಕೆ ಹೇಳುವುದು. ಇನ್ನೊಂದು, ಯೂನಿಕೋಡಿನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿಟ್ಟ ಪಟ್ಟಿಯಲ್ಲಿ, ಹುಟ್ಟಿನಿಂದಲೇ ಮೇಲೆ ಕೂತಿರುವ ⁸ ಎಂಬ ಬೇರೆ ಅಕ್ಷರವನ್ನೇ ಬಳಸುವುದು. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಎತ್ತರ ಅನ್ನುವುದು ಬರೀ ಅಲಂಕಾರ, ಕಾಪಿ ಮಾಡಿದರೆ ಕಳಚಿ ಬೀಳುತ್ತದೆ. ಎರಡನೆಯದರಲ್ಲಿ ಎತ್ತರ ಅಕ್ಷರದ ಒಳಗೇ ಇದೆ, ಎಲ್ಲಿಗೆ ಕಳಿಸಿದರೂ ಜೊತೆಗೆ ಹೋಗುತ್ತದೆ. ರೈಟರಿನಲ್ಲಿ ಎರಡೂ ಮಾಡಬಹುದು. ಯಾವುದನ್ನು ಯಾವಾಗ ಮಾಡಬೇಕು ಎಂದು ಮಾತ್ರ ಅದು ಹೇಳಿಕೊಡುವುದಿಲ್ಲ.

ಮೊದಲ ದಾರಿ ಸುಲಭ. ಅಂಕಿ ಆಯ್ದು ಕಂಟ್ರೋಲ್, ಶಿಫ್ಟ್, ಪಿ ಒತ್ತಿದರೆ ಮೇಲೆ. ಕಂಟ್ರೋಲ್, ಶಿಫ್ಟ್, ಬಿ ಒತ್ತಿದರೆ ಕೆಳಗೆ. ವರ್ಡಿನಿಂದ ಬಂದವರಿಗೆ ಮೊದಮೊದಲು ಕೈ ತಪ್ಪುತ್ತದೆ. ಅಲ್ಲಿ ಕಂಟ್ರೋಲ್ ಜೊತೆ ಸಮ ಚಿಹ್ನೆ ಒತ್ತಿದರೆ ಕೆಳಗೆ, ಅದಕ್ಕೇ ಶಿಫ್ಟ್ ಸೇರಿಸಿದರೆ ಮೇಲೆ. ಗೂಗಲ್ ಡಾಕ್ಸಿನಲ್ಲಿ ಕಂಟ್ರೋಲ್ ಜೊತೆ ಚುಕ್ಕಿ ಒತ್ತಿದರೆ ಮೇಲೆ, ಅಲ್ಪವಿರಾಮ ಒತ್ತಿದರೆ ಕೆಳಗೆ. ಮೂವರೂ ಒಂದು ಕಡೆ ಕೂತು ಮಾತಾಡಿಕೊಂಡಿದ್ದರೆ ನಮಗೆ ಎಷ್ಟು ಅನುಕೂಲ ಇತ್ತು, ಅಲ್ವಾ?

ಇಲ್ಲಿ ನನ್ನ ತಕರಾರು ಅಳತೆಯ ಬಗ್ಗೆ. ರೈಟರ್ ತಾನಾಗಿ ಕೊಡುವ ಲೆಕ್ಕ ಇದು: ಅಂಕಿಯನ್ನು ಶೇ. 33ರಷ್ಟು ಎತ್ತು, ಗಾತ್ರವನ್ನು ಶೇ. 58ಕ್ಕೆ ಇಳಿಸು. ಪತ್ರಿಕೆಯ ಅಕ್ಷರ 11 ಪಾಯಿಂಟ್ ಅಂದುಕೊಳ್ಳಿ. ಮೇಲಿನ ಅಂಕಿ ಸುಮಾರು 6.4 ಪಾಯಿಂಟಿಗೆ ಬಂತು. ಗಾತ್ರದ ಜೊತೆ ಗೆರೆಯ ದಪ್ಪವೂ ಅಷ್ಟೇ ಇಳಿಯುತ್ತದೆ. ತೆರೆಯ ಮೇಲೆ ಚೆನ್ನಾಗೇ ಕಾಣುತ್ತದೆ. ಲೇಸರ್ ಪ್ರಿಂಟಿನಲ್ಲೂ ಪರವಾಗಿಲ್ಲ. ಆದರೆ ಶಾಲೆಯವರು ಅದನ್ನು ಜೆರಾಕ್ಸ್ ಮಾಡುತ್ತಾರೆ, ಆ ಜೆರಾಕ್ಸಿಗೆ ಇನ್ನೊಂದು ಜೆರಾಕ್ಸ್. ಆಗ ಮೊದಲು ಮಾಯವಾಗುವುದು ಋಣ ಚಿಹ್ನೆ. ಎಲೆಕ್ಟ್ರಾನಿನ ಆವೇಶ 1.6 × 10⁻¹⁹ ಕೂಲಂಬ್. ಆ ಸಣ್ಣ ಅಡ್ಡಗೆರೆ ಹೋದರೆ 10¹⁹. ಮಕ್ಕಳು ಪಾಪ, ಕೊಟ್ಟದ್ದನ್ನೇ ನಂಬಿ ಲೆಕ್ಕ ಮಾಡುತ್ತಾರೆ.

ಇದಕ್ಕೆ ಪರಿಹಾರ ರೈಟರಿನೊಳಗೇ ಇದೆ, ಅದಕ್ಕೇ ನಾನು ಅದನ್ನು ಬಿಟ್ಟಿಲ್ಲ. ಎಫ್11 ಒತ್ತಿ ಸ್ಟೈಲ್‌ಗಳ ಪಟ್ಟಿ ತೆಗೆಯಿರಿ. ಕ್ಯಾರೆಕ್ಟರ್ ಸ್ಟೈಲ್‌ನಲ್ಲಿ ಹೊಸದೊಂದು ಮಾಡಿ. ನಾನು 'ಮೇಲಂಕಿ' ಎಂದು ಹೆಸರಿಟ್ಟಿದ್ದೇನೆ. ಪೊಸಿಷನ್ ಎಂಬ ಹಾಳೆಗೆ ಹೋಗಿ ಗಾತ್ರವನ್ನು ಶೇ. 68 ಮಾಡಿ, ಎತ್ತರವನ್ನು ಶೇ. 30ರ ಆಸುಪಾಸು ಇಡಿ. ಕೆಳಂಕಿಗೂ ಹಾಗೇ ಒಂದು. ಆಮೇಲೆ ಟೂಲ್ಸ್, ಕಸ್ಟಮೈಸ್, ಕೀಬೋರ್ಡ್ ಎಂದು ಹೋದರೆ ಸ್ಟೈಲಿಗೂ ಒಂದು ಶಾರ್ಟ್‌ಕಟ್ ಕೊಡಬಹುದು. ಇದರ ನಿಜವಾದ ಲಾಭ ಗೊತ್ತಾಗುವುದು ಗಿರಾಕಿ ಬಂದು "ಅಂಕಿ ಇನ್ನೂ ಸ್ವಲ್ಪ ದೊಡ್ಡದು ಬೇಕಿತ್ತು ಮೇಡಂ" ಅಂದಾಗ. ಸ್ಟೈಲಿನಲ್ಲಿ ಒಂದು ಕಡೆ ಬದಲಿಸಿದರೆ ಇಡೀ ಪುಸ್ತಕದಲ್ಲಿ ಬದಲಾಗುತ್ತದೆ. ಬರೀ ಶಾರ್ಟ್‌ಕಟ್ ಒತ್ತಿ ಎತ್ತಿದ್ದರೆ ಒಂದೊಂದನ್ನೇ ಹುಡುಕಿಕೊಂಡು ಹೋಗಬೇಕು.

ಇನ್ನು ಎರಡನೇ ದಾರಿ, ಯೂನಿಕೋಡ್ ಅಕ್ಷರಗಳದ್ದು. ಇಲ್ಲಿ ಸ್ವಲ್ಪ ಹಳೇ ಕತೆ ಬೇಕಾಗುತ್ತದೆ.

ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು 1987ರಲ್ಲಿ ಲ್ಯಾಟಿನ್-1 ಎಂಬ ಸಂಕೇತಪಟ್ಟಿ ಬಂತು. ಅದರಲ್ಲಿ ಇದ್ದ ಮೇಲಂಕಿಗಳು ಮೂರೇ: ², ³, ¹. ಚದರ ಮೀಟರಿಗೆ ಎರಡು, ಘನ ಮೀಟರಿಗೆ ಮೂರು ಸಾಕು ಎಂಬ ಲೆಕ್ಕ ಇರಬೇಕು. ಆಮೇಲೆ ಯೂನಿಕೋಡ್ ಬಂದಾಗ ಆ ಪಟ್ಟಿಯನ್ನು ಇದ್ದ ಹಾಗೇ ಮೊದಲ 256 ಜಾಗಗಳಿಗೆ ಎತ್ತಿಕೊಂಡಿತು. ಉಳಿದ ಮೇಲಂಕಿಗಳಿಗೆ, ಎಲ್ಲ ಕೆಳಂಕಿಗಳಿಗೆ ದೂರದಲ್ಲಿ, 2070 ಎಂಬ ಸಂಖ್ಯೆಯಿಂದ ಶುರುವಾಗುವ ಬೇರೆ ಬಡಾವಣೆ. ಆ ಬಡಾವಣೆಯಲ್ಲಿ ಸೊನ್ನೆ ಇದೆ, ನಾಲ್ಕರಿಂದ ಒಂಬತ್ತು ಇದೆ. ಎರಡು, ಮೂರರ ಸೈಟು ಇವತ್ತಿಗೂ ಖಾಲಿ. ಒಂದರ ಸೈಟಿನಲ್ಲಿ ಇಂಗ್ಲಿಷಿನ ಮೇಲಿನ 'ಐ' ಬಂದು ಕೂತಿದೆ.

ಇದರಿಂದ ನನಗೇನು ಅಂತೀರಾ? ಈ ಎರಡು ಸಾಲು ನೋಡಿ. ಅವೊಗಾಡ್ರೊ ಸಂಖ್ಯೆ, 6.022 × 10²³. ಭೂಮಿಯ ದ್ರವ್ಯರಾಶಿ, 5.97 × 10²⁴ ಕೆಜಿ. ಮೊದಲನೆಯದರಲ್ಲಿ ಎರಡೂ ಅಂಕಿ ಹಳೇ ಪಟ್ಟಿಯವು, ಹಾಗಾಗಿ ಯಾವ ಫಾಂಟಿನಲ್ಲೂ ಸಾಮಾನ್ಯವಾಗಿ ಸಮವಾಗಿ ನಿಲ್ಲುತ್ತವೆ. ಎರಡನೆಯದರಲ್ಲಿ ² ಹಳೇ ಪಟ್ಟಿಯದು, ⁴ ಹೊಸ ಬಡಾವಣೆಯದು. ಫಾಂಟಿನಲ್ಲಿ ⁴ ಇಲ್ಲದಿದ್ದರೆ ಕಂಪ್ಯೂಟರ್ ಸುಮ್ನೆ ಇರುವುದಿಲ್ಲ, ಬೇರೆ ಯಾವುದೋ ಫಾಂಟಿನಿಂದ ಎರವಲು ತರುತ್ತದೆ. ಆಗ ಎರಡರ ಪಕ್ಕದ ನಾಲ್ಕು, ಮದುವೆಯ ಗ್ರೂಪ್ ಫೋಟೋದಲ್ಲಿ ಒಬ್ಬನೇ ಸ್ಟೂಲ್ ಹತ್ತಿ ನಿಂತ ಹಾಗೆ ಕಾಣುತ್ತದೆ. ಒಂದು ಕೂದಲೆಳೆ ಮೇಲೆ, ಸ್ವಲ್ಪ ತೆಳ್ಳಗೆ. ಓದುವವರಿಗೆ ಏನೋ ಸರಿ ಇಲ್ಲ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. 10⁻¹⁹ರ ಪಾಡೂ ಇದೇ. ಒಂದು ಅಲ್ಲಿಂದ, ಒಂಬತ್ತು ಮತ್ತು ಋಣ ಚಿಹ್ನೆ ಇಲ್ಲಿಂದ. ಕೆಳಂಕಿಗಳಲ್ಲಿ ಈ ರಗಳೆ ಕಡಿಮೆ. ಸೊನ್ನೆಯಿಂದ ಒಂಬತ್ತರವರೆಗೆ 2080ರಿಂದ 2089, ಸಾಲಾಗಿ ಒಂದೇ ಬೀದಿಯಲ್ಲಿವೆ. ಸಾಮಾನ್ಯವಾಗಿ ಇದ್ದರೆ ಅಷ್ಟೂ ಇರುತ್ತವೆ, ಇಲ್ಲದಿದ್ದರೆ ಒಂದೂ ಇರುವುದಿಲ್ಲ.

ಇದಕ್ಕೆ ರೈಟರನ್ನು ಬೈಯುವ ಹಾಗಿಲ್ಲ. ಎಲ್ಲ ಮೇಲಂಕಿ ಇರುವ ಫಾಂಟ್ ಹಾಕಿಕೊಳ್ಳುವುದು ನಮ್ಮ ಕೆಲಸ. ಆದರೆ ಫಾಂಟ್ ಹಾಕುವ ಜಾಗದಲ್ಲಿ ರೈಟರಿನದೇ ಒಂದು ವರಸೆ ಇದೆ. ಅದು ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಎರಡು ಗೂಡು ಇಟ್ಟುಕೊಂಡಿದೆ. ಗಾತ್ರವೂ ಬೇರೆ ಬೇರೆ. ಮೊದಲಿಗೆ ಇದು ತಲೆನೋವು. ಕನ್ನಡದ ಗಾತ್ರ ಬದಲಿಸಿದೆ ಅಂದುಕೊಂಡರೆ ಇಂಗ್ಲಿಷ್ ಮಾತ್ರ ಬೆಳೆದಿರುತ್ತದೆ. ಒಮ್ಮೆ ಅಭ್ಯಾಸವಾದ ಮೇಲೆ ಇದೇ ಅನುಕೂಲ. ವಾಕ್ಯಕ್ಕೆ ಇಷ್ಟವಾದ ಕನ್ನಡ ಫಾಂಟ್ ಇಡಬಹುದು, ಸೂತ್ರಗಳಿಗೆ ಎಲ್ಲ ಚಿಹ್ನೆ ಇರುವ ಇಂಗ್ಲಿಷ್ ಫಾಂಟ್ ಇಡಬಹುದು, ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲ. ನಾನು ಸೂತ್ರಕ್ಕೆ ನೋಟೊ ಸಾನ್ಸ್ ಇಡುತ್ತೇನೆ. ನೋಡಲು ಅಂಥ ಸುಂದರಿಯೇನಲ್ಲ, ಆದರೆ ಕೇಳಿದ ಚಿಹ್ನೆ ಇಲ್ಲ ಅನ್ನುವುದು ಅಪರೂಪ.

ಈ ಅಕ್ಷರಗಳನ್ನು ಟೈಪ್ ಮಾಡುವುದು ಹೇಗೆ? ಕೀಬೋರ್ಡಿನಲ್ಲಿ ಅವು ಇಲ್ಲ. ರೈಟರಿನಲ್ಲಿ ಸಂಖ್ಯೆ ಹೊಡೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಅಕ್ಷರವಾಗುತ್ತದೆ. 2082 ಹೊಡೆದು ಒತ್ತಿ, ₂ ಬಂತು. ಎಚ್₂ಒ ಬರೆಯುವಾಗ ಸಲೀಸು. ಆದರೆ ಗ್ಲೂಕೋಸ್ ಬರೆಯಲು ಹೋಗಿ, ಸಿ₆ಎಚ್₁₂ಒ₆. ಇಂಗ್ಲಿಷ್ ಸಿ ಆದ ಮೇಲೆ 2086 ಹೊಡೆದರೆ ಕೆಲಸ ಕೆಡುತ್ತದೆ. ಯಾಕೆಂದರೆ ಈ ಸಂಖ್ಯೆಗಳು ಹದಿನಾರರ ಲೆಕ್ಕದವು, ಅಲ್ಲಿ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ. ಕಾರ್ಬನ್ನಿನ ಸಿ ಯನ್ನೂ ಸಂಖ್ಯೆಗೇ ಸೇರಿಸಿಕೊಂಡು ಬಿಡುತ್ತದೆ. ಹೈಡ್ರೋಜನ್ನಿಗೆ, ಆಕ್ಸಿಜನ್ನಿಗೆ ಈ ಕಾಟ ಇಲ್ಲ. ಕಾರ್ಬನ್, ಬೋರಾನ್, ಫ್ಲೋರಿನ್‌ಗೆ ಇದೆ. ಸಂಖ್ಯೆಗೆ ಮುಂಚೆ ಯು ಮತ್ತು ಪ್ಲಸ್ ಚಿಹ್ನೆ ಹಾಕಿ ಬರೆದರೆ ಸರಿಹೋಗುತ್ತದೆ. ಸಾವಯವ ರಸಾಯನಶಾಸ್ತ್ರದ ಅಧ್ಯಾಯವನ್ನು ಹೀಗೆ ಟೈಪ್ ಮಾಡುವುದು ಮಾತ್ರ ಶಿಕ್ಷೆ.

ಹಾಗಾಗಿ ಆಟೋಕರೆಕ್ಟ್. ಈ ತಂತ್ರಾಂಶದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಷನ್ಸ್ ತೆಗೆದು, ಎಡಗಡೆ .*^2 ಎಂದು ಬರೆಯಿರಿ, ಬಲಗಡೆ ² ಹಾಕಿ. ಚುಕ್ಕಿ, ನಕ್ಷತ್ರ ಅಂದರೆ 'ಇದರ ಮುಂಚೆ ಏನಾದರೂ ಇರಲಿ' ಎಂದು. ಆಮೇಲೆ ಮೀ^2 ಎಂದು ಬರೆದು ಸ್ಪೇಸ್ ಒತ್ತಿದರೆ ಮೀ² ಆಗುತ್ತದೆ. ಕೆಳಂಕಿಗೆ ^ ಬದಲು ಅಡಿಗೆರೆ. ಎರಡಂಕಿ ಬಂದರೆ ಅದಕ್ಕೇ ಬೇರೆ ನಮೂದು ಬೇಕು, ಆದರೆ ಯೋಚಿಸಿ ನೋಡಿ, ಹೈಸ್ಕೂಲು, ಪಿಯುಸಿ ಭೌತಶಾಸ್ತ್ರದಲ್ಲಿ ಮತ್ತೆ ಮತ್ತೆ ಬರುವ ಘಾತಗಳು ಎಷ್ಟಿವೆ? ಬೆಳಕಿಗೆ 8. ಎಲೆಕ್ಟ್ರಾನಿಗೆ ಋಣ 19. ಗುರುತ್ವ ಸ್ಥಿರಾಂಕಕ್ಕೆ ಋಣ 11. ಪ್ಲಾಂಕನಿಗೆ ಋಣ 34. ಅವೊಗಾಡ್ರೊಗೆ 23, ಭೂಮಿಗೆ 24. ಒಂದು ಮಧ್ಯಾಹ್ನ ಕೂತು ತುಂಬಿಸಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ.

ಒಂದು ಎಚ್ಚರ. ಆಟೋಕರೆಕ್ಟ್ ಪಟ್ಟಿ ಭಾಷೆಗೊಂದು ಇರುತ್ತದೆ. ಕನ್ನಡ ಎಂದು ಆರಿಸಿ ತುಂಬಿಸಿದ್ದು ಇಂಗ್ಲಿಷ್ ಎಂದು ಗುರುತಾದ ಪದದ ಮೇಲೆ ಕೆಲಸ ಮಾಡುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ಎರಡೂ ಇರುತ್ತವಲ್ಲ. ಮೇಲಿನ ಪಟ್ಟಿಯಲ್ಲಿ 'ಆಲ್' ಎಂದು ಇರುವುದನ್ನೇ ಆರಿಸಿಕೊಳ್ಳಿ.

ಈಗ ಕನ್ನಡ ಲಿಪಿಯ ಪಕ್ಕ ಈ ಅಂಕಿಗಳು ಹೇಗೆ ಕೂರುತ್ತವೆ ಎಂಬುದಕ್ಕೆ ಬರೋಣ. ಬೇರೆ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಸಾಲಿನ ಕೆಳಗಡೆ ಬಹುಪಾಲು ಖಾಲಿ. ಅಲ್ಲಿ ಸಣ್ಣ ಅಂಕಿ ಹಾಕಿದರೆ ಎದ್ದು ಕಾಣುತ್ತದೆ. ಕನ್ನಡದಲ್ಲಿ ಆ ಜಾಗ ಒತ್ತಕ್ಷರಗಳದ್ದು. ಒಬ್ಬ ಮೇಷ್ಟ್ರು ದ್ರವ್ಯ₁, ದ್ರವ್ಯ₂ ಎಂದು ಬರೆಸಿದ್ದರು. 'ವ್ಯ'ದಲ್ಲಿ ಯ-ಒತ್ತು ಬಲಗಡೆ ಕೆಳಗೆ ಬಾಲ ಚಾಚಿಕೊಂಡಿರುತ್ತದೆ. ಅದರ ತುದಿಗೇ ಈ ಸಣ್ಣ ಒಂದು ಬಂದು ಅಂಟಿಕೊಳ್ಳುತ್ತದೆ. ಥಟ್ಟನೆ ನೋಡಿದರೆ ಇನ್ನೊಂದು ಒತ್ತು ಅನಿಸುತ್ತದೆ. ಅದೇ 'ಬಲ₁' ಎಂದು ಬರೆಯಿರಿ, ಏನೂ ತೊಂದರೆ ಇಲ್ಲ, ಲ ಕೆಳಗೆ ಖಾಲಿ. ನಾನು ಈಗ ಒತ್ತಿರುವ ಪದ ಬಂದರೆ ಅಂಕಿಗೆ ಮುಂಚೆ ಕೂದಲೆಳೆಯಷ್ಟು ಜಾಗ ಬಿಡುತ್ತೇನೆ. ರೈಟರಿನಲ್ಲಿ ಒಂದೇ ಅಕ್ಷರಕ್ಕೆ ಅಂತರ ಕೊಡುವ ಸೌಲಭ್ಯ ಪೊಸಿಷನ್ ಹಾಳೆಯಲ್ಲೇ ಇದೆ.

ಕನ್ನಡ ಅಂಕಿಯನ್ನೇ ಕೆಳಗಿಡೋಣ ಅನ್ನುವವರೂ ಇದ್ದಾರೆ. ಅಭಿಮಾನ ಒಳ್ಳೆಯದೇ. ಆದರೆ ಆರಂಭಿಕ ವೇಗ ಎನ್ನಲು 'ವೇಗ'ದ ಪಕ್ಕ ಕನ್ನಡ ಸೊನ್ನೆ ಇಟ್ಟು ನೋಡಿ: ವೇಗ೦. ಇದನ್ನು ಯಾರು ಓದಿದರೂ 'ವೇಗಂ' ಅಂತಲೇ ಓದುತ್ತಾರೆ. ನಮ್ಮ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಹಳಗನ್ನಡದ ಭೌತಶಾಸ್ತ್ರ ಆಗಿಬಿಡುತ್ತದೆ. ಅದೂ ಅಲ್ಲದೆ ಕನ್ನಡ ಅಂಕಿಗಳಿಗೆ ಯೂನಿಕೋಡಿನಲ್ಲಿ ಮೇಲಿನ ರೂಪ, ಕೆಳಗಿನ ರೂಪ ಎರಡೂ ಇಲ್ಲ. ಎತ್ತುವ, ಇಳಿಸುವ ಅಲಂಕಾರ ಮಾತ್ರ ಮಾಡಬಹುದು, ಅದು ವಾಟ್ಸಾಪಿಗೆ ಹೋದರೆ ಮತ್ತೆ ಅದೇ ಕತೆ. ನಮ್ಮ ಪಠ್ಯಪುಸ್ತಕಗಳು ಗಣಿತಕ್ಕೆ 1, 2, 3 ಬಳಸುವುದರಿಂದ ಸದ್ಯ ಬಚಾವು.

ಅಂಕಿ ಬಿಡಿ, ಅಕ್ಷರಗಳ ಕತೆ ಕೇಳಿ. ಹತ್ತನೇ ತರಗತಿಯಲ್ಲಿ ಸರಣಿ ಜೋಡಣೆಯ ರೋಧ, ಸಮಾಂತರ ಜೋಡಣೆಯ ರೋಧ ಎಂದು ಬರುತ್ತದಲ್ಲ. ಇಂಗ್ಲಿಷ್ ಆರ್ ಕೆಳಗೆ ಸಣ್ಣ ಎಸ್, ಸಣ್ಣ ಪಿ. ಈ ಎರಡು ಕೆಳಗಿನ ಅಕ್ಷರಗಳು ಯೂನಿಕೋಡಿನಲ್ಲಿ ಇವೆ, ಆದರೆ ಬಂದದ್ದು 2010ರಲ್ಲಿ, 6.0 ಆವೃತ್ತಿಯಲ್ಲಿ. ಅದಕ್ಕಿಂತ ಹಳೇ ಫಾಂಟ್ ಇಟ್ಟುಕೊಂಡವರಿಗೆ ಅಲ್ಲಿ ಖಾಲಿ ಡಬ್ಬ ಕಾಣಬಹುದು. ಅದೇ ಬೆಳಕಿನ ಪಾಠಕ್ಕೆ ಬನ್ನಿ. ನೀರಿನ ವಕ್ರೀಭವನ ಸೂಚ್ಯಂಕಕ್ಕೆ ಸಣ್ಣ ಡಬ್ಲ್ಯು ಬೇಕು, ಗಾಜಿನದಕ್ಕೆ ಸಣ್ಣ ಜಿ ಬೇಕು. ಎರಡೂ ಇಲ್ಲ. ವಿದ್ಯುತ್ತಿನ ಪಾಠ ಪಾಸು, ಬೆಳಕಿನ ಪಾಠ ಫೇಲು. ಬಿ, ಸಿ, ಡಿ ಕೂಡ ಇಲ್ಲ. ಇದರಲ್ಲಿ ಯಾವ ನ್ಯಾಯವೂ ಕಾಣುವುದಿಲ್ಲ, ಯಾಕೆಂದರೆ ಇವನ್ನು ವಿಜ್ಞಾನದ ಸೂತ್ರಕ್ಕೆ ಅಂತ ಲೆಕ್ಕ ಹಾಕಿ ಸೇರಿಸಿದ್ದೇ ಅಲ್ಲ. ಇವುಗಳಲ್ಲಿ ಬಹಳಷ್ಟು ಬಂದದ್ದು ಉಚ್ಚಾರಣೆ ಬರೆಯುವ ಭಾಷಾಶಾಸ್ತ್ರಜ್ಞರು ಕೇಳಿದರು ಅಂತ. ರಷ್ಯನ್ನರ ಸಿರಿಲಿಕ್ ಲಿಪಿಗೂ 2022ರ 15.0 ಆವೃತ್ತಿಯಲ್ಲಿ ಮೇಲಿನ, ಕೆಳಗಿನ ಅಕ್ಷರಗಳ ಒಂದು ಕಂತು ಬಂತು, ಅದೂ ಉಚ್ಚಾರಣೆಯ ಕೆಲಸಕ್ಕೇ. ಸೂತ್ರಗಳಿಗಾದರೆ ಎತ್ತುವ, ಇಳಿಸುವ ಕೆಲಸವನ್ನು ತಂತ್ರಾಂಶವೇ ಮಾಡಲಿ ಎಂಬುದು ಯೂನಿಕೋಡಿನವರ ನಿಲುವು. ವೆಬ್ ಪುಟದಲ್ಲಿ ಅದಕ್ಕೇ ಬೇರೆ ಟ್ಯಾಗುಗಳಿವೆ. ಮಾತು ಸರಿಯೇ, ಆದರೆ ವಾಟ್ಸಾಪಿಗೆ ಇದನ್ನು ಹೇಳುವವರು ಯಾರು?

ಮೇಲಂಕಿಯನ್ನು ಲಿಪಿಯ ಒಳಗೇ ತೆಗೆದುಕೊಂಡವರು ನಮ್ಮ ಪಕ್ಕದವರು. ಮೈಸೂರಿನಲ್ಲಿ ತಮಿಳು ಲಿಪಿಯಲ್ಲಿ ಸಂಸ್ಕೃತ ಸ್ತೋತ್ರ ಓದುವ ಮನೆಗಳು ಇವೆ. ಅಂಥವರೊಬ್ಬರು ಅಜ್ಜಿಯ ಕಾಲದ ಪುಸ್ತಕ ತಂದು ಟೈಪ್ ಮಾಡಿಕೊಡಿ ಅಂದರು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಸ್ತೋತ್ರದಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಆ ಒಂದು ಅಕ್ಷರದ ತಲೆ ಮೇಲೆ ಸಣ್ಣ 2 ಹಾಕಿದರೆ ಖ, 3 ಹಾಕಿದರೆ ಗ, 4 ಹಾಕಿದರೆ ಘ. ಕೆಲವು ಪುಸ್ತಕದಲ್ಲಿ ಅಂಕಿ ಕೆಳಗಿರುತ್ತದೆ. ಇಲ್ಲಿ 2 ಅಂದರೆ ವರ್ಗ ಅಲ್ಲ, ಅದು ಅಕ್ಷರದ ಭಾಗ. ಕಳೆದುಹೋದರೆ ಮಂತ್ರವೇ ಬದಲಾಗುತ್ತದೆ. ಇಂಥದಕ್ಕೆ ಅಲಂಕಾರದ ದಾರಿ ಬೇಡವೇ ಬೇಡ, ²³⁴ ಎಂಬ ಅಕ್ಷರಗಳನ್ನೇ ಹಾಕಬೇಕು. ಯೂನಿಕೋಡ್ ಕೂಡ ಈ ಅಂಕಿಗಳನ್ನು ಭಾರತೀಯ ಲಿಪಿಗಳ ಲೆಕ್ಕದಲ್ಲಿ ಅಕ್ಷರಕ್ಕೆ ಸೇರುವ ಗುರುತು ಎಂದೇ ನಮೂದಿಸಿಕೊಂಡಿದೆ. ರೈಟರಿನಲ್ಲಿ ಆ ಪುಸ್ತಕ ಚೆನ್ನಾಗೇ ಬಂತು. ಸ್ತೋತ್ರದಲ್ಲೂ ² ಮತ್ತು ⁴ ಎತ್ತರದಲ್ಲಿ ಜಗಳವಾಡುತ್ತಿದ್ದವು, ಫಾಂಟ್ ಬದಲಿಸಿದ ಮೇಲೆ ಸುಮ್ಮನಾದವು.

ಹಳೇ ಫೈಲುಗಳದ್ದು ಇನ್ನೊಂದು ಅಧ್ಯಾಯ. ಯೂನಿಕೋಡಿಗಿಂತ ಮುಂಚಿನ ನಮ್ಮ ಕನ್ನಡ ಫಾಂಟುಗಳು ಇಂಗ್ಲಿಷಿಗೆಂದು ಇದ್ದ ಜಾಗಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಬೇರೆ ಜಾಗವೇ ಇರಲಿಲ್ಲ, ಅವರೇನು ಮಾಡಬೇಕಿತ್ತು? ಆದರೆ ಹಾಗೆ ಕೂರಿಸುವಾಗ ಲ್ಯಾಟಿನ್-1ರ ಆ ಮೇಲಂಕಿಗಳ ಜಾಗವೂ ಹೋಯಿತು. ಹಳೇ ಕನ್ನಡ ಫೈಲನ್ನು ಇಂಗ್ಲಿಷ್ ಫಾಂಟಿನಲ್ಲಿ ತೆರೆದವರು 'ಶ್ರೀ' ಇರಬೇಕಾದಲ್ಲಿ ² ಕಂಡು ಬೆಚ್ಚಿರುತ್ತೀರಿ. ² ಎಂಬ ಜಾಗದಲ್ಲಿ ಕೂತಿರುವುದು 'ಶಿ', 'ಶ್ರೀ'ಯ ಮೊದಲ ತುಂಡು ಅದೇ. ¹ ಜಾಗದಲ್ಲಿ 'ಸಿ'. ಡಿಗ್ರಿ ಚಿಹ್ನೆಯ ಜಾಗದಲ್ಲಿ 'ಲಿ'.

ಈಗ ಇದನ್ನು ತಿರುಗಿಸಿ ನೋಡಿ. ವಿಜ್ಞಾನದ ಹಳೇ ಪುಸ್ತಕ, ಕನ್ನಡ ಎಲ್ಲ ಹಳೇ ಫಾಂಟಿನಲ್ಲಿ, ² ಮತ್ತು ° ಮಾತ್ರ ಇಂಗ್ಲಿಷ್ ಫಾಂಟಿನಲ್ಲಿ. ಹಳೇ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತರುವ, ಆದರೆ ಫಾಂಟ್ ಯಾವುದೆಂದು ನೋಡದ ಪರಿವರ್ತಕಕ್ಕೆ ಕೊಟ್ಟರೆ ಅದು ಎಲ್ಲವನ್ನೂ ಕನ್ನಡ ಎಂದೇ ತಿಳಿಯುತ್ತದೆ. 40 ಸೆಂ.ಮೀ² ಹೋಗಿ 40 ಸೆಂ.ಮೀಶಿ ಆಗುತ್ತದೆ. 25° ಹೋಗಿ 25ಲಿ. ಉಷ್ಣತೆ ಲೀಟರಿನಲ್ಲಿ! ಪ್ರೆಸ್ಸೊಂದರಿಂದ ಇಂಥ ಫೈಲು ಬಂದಾಗ ಇಡೀ ದಿನ ಇದೇ ಕೆಲಸ. ರೈಟರಿನ ಹುಡುಕು-ಬದಲಿಸು ಇಲ್ಲಿ ಕೈ ಹಿಡಿಯಿತು. ಅಂಕಿಯ ಬೆನ್ನಿಗೇ ಬರುವ 'ಲಿ'ಯನ್ನು ಮಾತ್ರ ಹಿಡಿ, ಪದದೊಳಗಿನ 'ಲಿ'ಯನ್ನು ಬಿಡು ಎಂದು, ಹುಡುಕುವ ಮಾದರಿಯನ್ನು ಚಿಹ್ನೆಗಳಲ್ಲಿ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಲ್ಲಿ ಹೇಳಬಹುದು. ಆದರೂ '2024ಲಿ' ಎಂದು ಬರೆಯುವವರು ಇರುತ್ತಾರೆ, ಕಣ್ಣಾಡಿಸಲೇ ಬೇಕು. ನಮ್ಮ ಹಿಂದಿನವರು 'ಚ.ಸೆಂ.ಮೀ', 'ಘನ ಸೆಂ.ಮೀ' ಎಂದು ಬರೆದು ಈ ಗೋಜಿಗೇ ಹೋಗಿರಲಿಲ್ಲ. ಜಾಣರು.

ಇದೇ ಉಪಾಯದಿಂದ ರಾಸಾಯನಿಕ ಸೂತ್ರಗಳನ್ನೂ ಒಂದೇ ಏಟಿಗೆ ಸರಿಮಾಡಬಹುದು. ಇಂಗ್ಲಿಷ್ ಅಕ್ಷರದ ಹಿಂದೆಯೇ ಬರುವ ಅಂಕಿಗಳನ್ನೆಲ್ಲ ಹುಡುಕು ಅಂದು, 'ಫೈಂಡ್ ಆಲ್' ಒತ್ತಿದರೆ ಅಷ್ಟೂ ಒಟ್ಟಿಗೆ ಆಯ್ಕೆಯಾಗುತ್ತವೆ. ಮೇಲಿಂದ ಕೆಳಂಕಿಯ ಸ್ಟೈಲ್ ಹಾಕಿದರೆ ಮುಗಿಯಿತು. ಗಂಟೆಗಟ್ಟಲೆ ಕೆಲಸ ಉಳಿಯುತ್ತದೆ. ಎ4 ಹಾಳೆಯ 4 ಕೂಡ ಇಳಿದಿರುತ್ತದೆ, ಅದನ್ನು ಮತ್ತೆ ಎತ್ತಬೇಕು. ವಿಟಮಿನ್ ಬಿ12ರ 12 ಇಳಿದದ್ದು ಮಾತ್ರ ಸರಿಯೇ.

ಹುಡುಕುವುದರಲ್ಲೇ ಒಂದು ಕೊರತೆಯೂ ಇದೆ. ಯೂನಿಕೋಡ್ ಕೆಳಂಕಿ ಹಾಕಿ ಬರೆದ ಸಿಒ₂ ಅನ್ನು ಮಾಮೂಲಿ 2 ಹೊಡೆದು ಹುಡುಕಿದರೆ ರೈಟರಿಗೆ ಸಿಗುವುದಿಲ್ಲ. ಅದಕ್ಕೆ ₂ ಬೇರೆ, 2 ಬೇರೆ. ಇನ್ನು ಕೆಲವು ತಂತ್ರಾಂಶಗಳು ಇದಕ್ಕೆ ಉಲ್ಟಾ. ಎನ್‌ಎಫ್‌ಕೆಸಿ ಎಂಬ ಯೂನಿಕೋಡ್ ನಿಯಮದ ಪ್ರಕಾರ ²ಅನ್ನು 2 ಎಂದು ಸಪಾಟು ಮಾಡಬಹುದು, ಹುಡುಕಾಟಕ್ಕೆ ಅನುಕೂಲ ಅಂತ. ಹುಡುಕಲು ಮಾತ್ರ ಮಾಡಿದರೆ ಒಳ್ಳೆಯದೇ. ಪಠ್ಯವನ್ನೇ ಹಾಗೆ ಬದಲಿಸಿ ಉಳಿಸಿಟ್ಟರೆ 10²³ ಹೋಗಿ 1023 ಆಗುತ್ತದೆ. ಹಾಗಾಗಿ ಯೂನಿಕೋಡ್ ಮೇಲಂಕಿ ಹಾಕಿದೆ, ಇನ್ನು ನಿಶ್ಚಿಂತೆ ಅಂತ ಮಲಗುವ ಹಾಗಿಲ್ಲ. ಯಾವುದೋ ಆನ್‌ಲೈನ್ ಫಾರ್ಮಿಗೆ ಪ್ರಶ್ನೆ ಹಾಕಿದರೆ, ಹಾಕಿದ ಮೇಲೆ ಒಮ್ಮೆ ತೆರೆದು ನೋಡಿ.

ಎರಡೂ ದಾರಿ ಸೋಲುವ ಜಾಗ ಐಸೊಟೋಪು. ಯುರೇನಿಯಮ್ಮಿನ ಎಡಗಡೆ ಮೇಲೆ 235, ಅದರ ನೇರ ಕೆಳಗೆ 92 ಬರಬೇಕು. ಯೂನಿಕೋಡ್ ಅಕ್ಷರ ಹಾಕಿದರೆ ²³⁵₉₂ಯು ಎಂದು ಒಂದರ ಹಿಂದೆ ಒಂದು ಬರುತ್ತವೆ, ಒಂದರ ಮೇಲೊಂದು ಕೂರುವುದಿಲ್ಲ. ಎತ್ತಿ ಇಳಿಸಿದರೂ ಅಷ್ಟೇ. ಸಲ್ಫೇಟ್ ಅಯಾನಿನ ಬಲಗಡೆಯ 4 ಮತ್ತು 2⁻ ಕೂಡ ಹಾಗೇ. ಇದಕ್ಕೆ ಲಿಬ್ರೆಆಫೀಸಿನ ಜೊತೆಗೇ ಬರುವ ಮ್ಯಾಥ್ ಬಳಸಬೇಕು. ರೈಟರಿನೊಳಗೇ ಸೂತ್ರದ ಡಬ್ಬಿ ತೆರೆದು ಮೂಲವಸ್ತುವಿನ ಸಂಕೇತ, ಅದರ ಮುಂದೆ 'ಎಲ್‌ಸಪ್' 235, 'ಎಲ್‌ಸಬ್' 92 ಎಂದು ಇಂಗ್ಲಿಷಿನಲ್ಲಿ ಬರೆದರೆ ಎಡಗಡೆ ಅಚ್ಚುಕಟ್ಟಾಗಿ ಜೋಡಿಯಾಗಿ ಕೂರುತ್ತವೆ. ಕನ್ನಡ ಪದ ಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಕೆಲಸ ಅಚ್ಚುಕಟ್ಟು, ಆದರೆ ನಿಧಾನ. ಸೂತ್ರದ ಫಾಂಟನ್ನೂ ಬೇರೆಯಾಗಿ ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಪಕ್ಕದ ಸಾಲಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ. ಪುಟಕ್ಕೆ ಒಂದೆರಡು ಬಂದರೆ ಸರಿ. ಪರಮಾಣು ವಿಜ್ಞಾನದ ಇಡೀ ಅಧ್ಯಾಯ ಬಂದರೆ ನಾನು ಟೈಪಿಂಗ್ ದರ ಜಾಸ್ತಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಸ್ಟಾರ್ ಕೊಡಲೇಬೇಕು ಅಂದರೆ, ಅಚ್ಚಿಗೆ ಹೋಗುವ ಕೆಲಸಕ್ಕೆ ಐದಕ್ಕೆ ನಾಲ್ಕು. ಕಳೆದದ್ದು ಆ ಶೇ. 58ರ ಪುಟ್ಟ ಅಂಕಿಗಾಗಿ. ಫೋನಿಗೆ, ಇಮೇಲಿಗೆ ಹೋಗುವ ಕೆಲಸಕ್ಕೆ ಆಟೋಕರೆಕ್ಟ್ ತುಂಬಿಸಿಕೊಂಡವರಿಗೆ ನಾಲ್ಕು, ತುಂಬಿಸದವರಿಗೆ ಎರಡು. ಬೆಲೆ ಸೊನ್ನೆ. ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ವರ್ಡ್ ದುಡ್ಡು ಕೊಟ್ಟು ತೆಗೆದುಕೊಂಡವರು ಇದಕ್ಕೋಸ್ಕರ ಬಿಟ್ಟು ಬರಬೇಕಾಗಿಲ್ಲ, ಅದರಲ್ಲೂ ಆಟೋಕರೆಕ್ಟ್ ಇದೆ, ಆಲ್ಟ್-ಎಕ್ಸ್ ಇದೆ. ಹೊಸದಾಗಿ ಶುರು ಮಾಡುವ ಮೇಷ್ಟ್ರುಗಳು ನೇರ ಇದಕ್ಕೇ ಬನ್ನಿ. ನನಗೆ ಫೈಲ್ ಕಳಿಸುವಾಗ ವಾಟ್ಸಾಪಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಬೇಡಿ, ಫೈಲನ್ನೇ ಕಳಿಸಿ.

ಮತ್ತೆ, ಕಂಪ್ಯೂಟರ್ ಬದಲಿಸುವಾಗ ಆಟೋಕರೆಕ್ಟ್ ಪಟ್ಟಿ ತಾನಾಗಿ ಬರುವುದಿಲ್ಲ. ಲಿಬ್ರೆಆಫೀಸಿನ ಯೂಸರ್ ಫೋಲ್ಡರಿನೊಳಗೆ 'ಆಟೋಕಾರ್' ಎಂಬ ಫೋಲ್ಡರ್ ಇರುತ್ತದೆ, 'ಆಲ್' ಪಟ್ಟಿ ಇರುವುದು ಅದರಲ್ಲಿ 'ಅಂಡ್' ಎಂದು ಕೊನೆಯಾಗುವ ಫೈಲಿನಲ್ಲಿ. ಹಳೇ ಕಂಪ್ಯೂಟರ್ ಗುಜರಿಗೆ ಹೋಗುವ ಮುಂಚೆ ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.